ಚಿತ್ರಕಲಾ ಕಾಲೇಜಿನ ಮತ್ತು ಅದರ ಅಧ್ಯಾಪಕರ ಚರಿತ್ರೆಯನ್ನು ಬರೆಯುವ ಬಗೆ

ಚಿತ್ರಕಲಾ ಕಾಲೇಜಿನ ಚರಿತ್ರೆಯನ್ನು ಬರೆಯುವ ಸಂದರ್ಭ ಸಾಮಾನ್ಯವಾಗಿ ಬೆಳ್ಳಿಹಬ್ಬಕ್ಕೋ ಸುವರ್ಣ ಮಹೋತ್ಸವಕ್ಕೋ ಸ್ಮರಣ ಸಂಚಿಕೆ ತರುವಾಗ ಒದಗಿಬರುತ್ತದೆ. ಎರಡು ಮೂರು ತಿಂಗಳಲ್ಲಿ ಸಿದ್ಧವಾಗುವ ಆ ಬರಹದಲ್ಲಿ ಸ್ಥಾಪಕರ ಭಾವಚಿತ್ರ, ಪ್ರಾಂಶುಪಾಲರ ಪಟ್ಟಿ, ಕಟ್ಟಡ ಉದ್ಘಾಟಿಸಿದವರ ಹೆಸರು, ಪ್ರಸಿದ್ಧರಾದ ಹಳೆಯ ವಿದ್ಯಾರ್ಥಿಗಳ ಹೆಸರು ಎಲ್ಲವೂ ಇರುತ್ತವೆ. ಆದರೆ ತರಗತಿಯಲ್ಲಿ ಯಾರು, ಏನನ್ನು, ಯಾವ ಕ್ರಮದಲ್ಲಿ ಕಲಿಸಿದರು ಎಂಬುದು ಸಿಗುವುದಿಲ್ಲ. ಚಿತ್ರಕಲೆಯ ಮಟ್ಟಿಗೆ ಇದು ದೊಡ್ಡ ಕೊರತೆ. ಇಲ್ಲಿನ ವಿದ್ಯೆಯ ಬಹುಭಾಗ ಪಠ್ಯಪುಸ್ತಕದಲ್ಲಿರದೆ ಮೇಷ್ಟ್ರ ಕೈಯಿಂದ ವಿದ್ಯಾರ್ಥಿಯ ಕೈಗೆ ದಾಟುವುದರಿಂದ, ಕಲಿಸಿದವರ ಚರಿತ್ರೆಯನ್ನು ಬಿಟ್ಟರೆ ಕಾಲೇಜಿನ ಚರಿತ್ರೆಯೆಂದು ಹೇಳಿಕೊಳ್ಳಲು ಉಳಿಯುವುದು ಕಟ್ಟಡದ ಚರಿತ್ರೆ ಮಾತ್ರ. ಈ ಬರಹ ಅಂಥ ಕೆಲಸಕ್ಕೆ ಕೈಹಾಕುವ ಅಧ್ಯಾಪಕರಿಗೆ, ಸಂಶೋಧಕರಿಗೆ, ಹಳೆಯ ವಿದ್ಯಾರ್ಥಿಗಳಿಗೆ ಉದ್ದೇಶಿಸಿದ್ದು. ಉದಾಹರಣೆಗಳನ್ನು ಹೆಚ್ಚಾಗಿ ಮುಂಬಯಿಯ ಸರ್ ಜೆ.ಜೆ. ಕಲಾಶಾಲೆಯಿಂದ ತೆಗೆದುಕೊಂಡಿದ್ದೇನೆ. ಅದರ ಚರಿತ್ರೆಗೆ ಸಾಕಷ್ಟು ಆಧಾರಗಳಿವೆ. ನಮ್ಮ ಉತ್ತರ ಕರ್ನಾಟಕದ ಚಿತ್ರಕಲಾ ಶಿಕ್ಷಣದ ಬೇರುಗಳೂ ಅಲ್ಲಿಗೆ ಹೋಗುತ್ತವೆ.

ಮೊದಲು ತೀರ್ಮಾನಿಸಬೇಕಾದದ್ದು ಸಂಸ್ಥೆ ಯಾವಾಗ ಹುಟ್ಟಿತು ಎಂಬ ಪ್ರಶ್ನೆ. ಇದು ನೋಡುವುದಕ್ಕೆ ಸುಲಭ, ಬಿಡಿಸುವುದಕ್ಕೆ ಕಷ್ಟ. ಜೆ.ಜೆ. ಶಾಲೆಯನ್ನೇ ನೋಡಿ. ಪಾರ್ಸಿ ವ್ಯಾಪಾರಿ ಜಮ್ಶೆಟ್ಜಿ ಜೀಜೀಭಾಯ್ ಒಂದು ಲಕ್ಷ ರೂಪಾಯಿ ಕೊಡಲು ಮುಂದೆ ಬಂದದ್ದು 1853ರಲ್ಲಿ; ಎಲ್ಫಿನ್‌ಸ್ಟನ್ ಸಂಸ್ಥೆಯ ಆವರಣದಲ್ಲಿ ಡ್ರಾಯಿಂಗ್ ತರಗತಿ ಶುರುವಾದದ್ದು 1857ರ ಮಾರ್ಚ್‌ನಲ್ಲಿ; ಸರ್ಕಾರ ಆಡಳಿತವನ್ನು ವಹಿಸಿಕೊಂಡದ್ದು 1866ರಲ್ಲಿ; ಸ್ವಂತ ಕಟ್ಟಡಕ್ಕೆ ಹೋದದ್ದು 1878ರಲ್ಲಿ. ಇವುಗಳಲ್ಲಿ ಯಾವುದನ್ನು ಆರಂಭವೆಂದು ಹಿಡಿದರೂ ಬೇರೆಬೇರೆ ಚರಿತ್ರೆ ಹುಟ್ಟುತ್ತದೆ: ಮೊದಲನೆಯದು ದಾನಿಯ ಚರಿತ್ರೆ, ಮೂರನೆಯದು ಸರ್ಕಾರದ ಚರಿತ್ರೆ, ನಾಲ್ಕನೆಯದು ಕಲ್ಲು ಗಾರೆಯ ಚರಿತ್ರೆ. ಒಬ್ಬ ಮೇಷ್ಟ್ರು ಒಬ್ಬ ವಿದ್ಯಾರ್ಥಿಯ ಮುಂದೆ ಮೊದಲ ಬಾರಿ ಕಾಗದ ಹರಡಿದ ದಿನವೇ ಆರಂಭವೆಂದು ನಾನು ನಂಬಿದ್ದೇನೆ. ಹಾಗಾಗಿ ನಾನು 1857ನ್ನು ಹಿಡಿಯುತ್ತೇನೆ. ನೀವು ಬೇರೊಂದನ್ನು ಹಿಡಿಯಬಹುದು, ಆದರೆ ಯಾವುದನ್ನು ಏಕೆ ಹಿಡಿದಿರಿ ಎಂಬುದನ್ನು ಮೊದಲ ಪುಟದಲ್ಲೇ ಹೇಳಬೇಕು.

ಮೈಸೂರಿನಲ್ಲೂ ಇದೇ ತೊಡಕಿದೆ. ಸಯ್ಯಾಜಿ ರಾವ್ ರಸ್ತೆಯ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡಕ್ಕೆ ಆಗಿನ ವೇಲ್ಸ್ ರಾಜಕುಮಾರ, ಮುಂದೆ ಐದನೆಯ ಜಾರ್ಜ್ ಆದವರು, ಅಡಿಗಲ್ಲು ಇಟ್ಟದ್ದು 1906ರಲ್ಲಿ. ಇಂದು ಕಾವಾ ಎಂದು ಎಲ್ಲರೂ ಕರೆಯುವ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ರೂಪುಗೊಂಡದ್ದು ಹಲವು ದಶಕಗಳ ನಂತರ. ಇವು ಒಂದೇ ಸಂಸ್ಥೆಯ ಎರಡು ಅವಸ್ಥೆಗಳೋ, ಒಂದರ ಮನೆಯಲ್ಲಿ ಹುಟ್ಟಿದ ಇನ್ನೊಂದೋ ಎಂಬುದನ್ನು ಬರೆಯುವವರು ವಾದ ಮಾಡಿ ಸ್ಥಾಪಿಸಬೇಕೇ ಹೊರತು ಹೆಸರಿನ ಸಾಮ್ಯವನ್ನು ನಂಬಿ ಮುಂದುವರಿಯಬಾರದು. ಸಂಸ್ಥೆಯ ಹೆಸರುಗಳು, ವಿಳಾಸಗಳು, ಸೇರಿದ್ದ ಇಲಾಖೆ ಅಥವಾ ವಿಶ್ವವಿದ್ಯಾಲಯ, ಇವಿಷ್ಟನ್ನೂ ವರ್ಷವಾರು ಬರೆದ ಒಂದು ಹಾಳೆಯನ್ನು ಕೆಲಸದ ಮೊದಲ ವಾರದಲ್ಲೇ ಮಾಡಿಟ್ಟುಕೊಳ್ಳಿ. ಜೆ.ಜೆ.ಯಲ್ಲಿ 1935ರಲ್ಲಿ ತೆರೆದ ಕಮರ್ಷಿಯಲ್ ಆರ್ಟ್ ವಿಭಾಗ ಮತ್ತು ವಾಸ್ತುಶಿಲ್ಪ ವಿಭಾಗ 1958ರಲ್ಲಿ ಬೇರೆ ಸಂಸ್ಥೆಗಳಾದವು. ಈ ಹಾಳೆ ಇಲ್ಲದಿದ್ದರೆ, ಆ ವರ್ಷದ ಪಟ್ಟಿಯಲ್ಲಿ ಕಾಣದ ಅಧ್ಯಾಪಕರು ಕೆಲಸ ಬಿಟ್ಟರೆಂದು ನೀವು ತಪ್ಪಾಗಿ ಬರೆದುಬಿಡುತ್ತೀರಿ.

ಇನ್ನು ಕಾಗದಪತ್ರಗಳನ್ನು ಎಲ್ಲಿ ಹುಡುಕಬೇಕು ಎಂಬ ವಿಷಯ. ಕರ್ನಾಟಕದ ಹಳೆಯ ಕಲಾಶಾಲೆಗಳ ಬಗ್ಗೆ ಬರೆಯುವವರು 1956ಕ್ಕೆ ಮುಂಚಿನ ಭೂಪಟವನ್ನು ಮೇಜಿನ ಮೇಲೆ ಹರಡಿಕೊಂಡೇ ಕೆಲಸ ಶುರುಮಾಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದ ಕಡೆಯ ಶಾಲೆಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಅಲ್ಲಿನ ಡ್ರಾಯಿಂಗ್ ಪರೀಕ್ಷೆಗಳು ಮುಂಬಯಿಯ ವ್ಯವಸ್ಥೆಯವು, ಡ್ರಾಯಿಂಗ್ ಮಾಸ್ಟರ್‌ಗಳ ಅರ್ಹತೆಯನ್ನು ಅಳೆದದ್ದೂ ಆ ಅಳತೆಗೋಲಿನಿಂದಲೇ. ಆದ್ದರಿಂದ ಗದಗದ ಅಥವಾ ಧಾರವಾಡದ ಕಲಾಶಾಲೆಯೊಂದರ ಮೊದಲ ಅಧ್ಯಾಯದ ಆಧಾರಗಳು ಮುಂಬಯಿಯಲ್ಲಿ, ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ ಇರುವ ಸಾಧ್ಯತೆ ಹೆಚ್ಚು. ಕಲಬುರಗಿ, ರಾಯಚೂರು, ಬೀದರ್ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ಅವುಗಳ ದಾಖಲೆಗಳಿಗೆ ಹೈದರಾಬಾದಿನ ತಾರ್ನಾಕದ ಪತ್ರಾಗಾರಕ್ಕೆ ಹೋಗಬೇಕು, ಉರ್ದು ಓದಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡೇ ಹೋಗಬೇಕು. ದಕ್ಷಿಣ ಕನ್ನಡ ಜಿಲ್ಲೆ ಮದರಾಸಿಗೆ ಸೇರಿತ್ತು. ಅದರ ಕಡತಗಳಿಗೆ ಚೆನ್ನೈನ ಎಗ್ಮೋರ್‌ನಲ್ಲಿರುವ ಪತ್ರಾಗಾರ. ಹಳೆಯ ಮೈಸೂರು ಸಂಸ್ಥಾನದ್ದಾದರೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ. ಮರಾಠಿ, ಉರ್ದು, ಇಂಗ್ಲಿಷ್, ಕನ್ನಡ ಈ ನಾಲ್ಕರಲ್ಲಿ ಎರಡನ್ನಾದರೂ ಓದಲು ಬಾರದೆ ನಮ್ಮ ಕಲಾಶಿಕ್ಷಣದ ಚರಿತ್ರೆಯನ್ನು ಪೂರ್ತಿಯಾಗಿ ಬರೆಯಲಾಗದು.

ಪತ್ರಾಗಾರಕ್ಕೆ ಹೋದಾಗ ಮೊದಲು ಕೇಳಬೇಕಾದದ್ದು ಸಾರ್ವಜನಿಕ ಶಿಕ್ಷಣ ನಿರ್ದೇಶಕರ ವಾರ್ಷಿಕ ವರದಿಗಳನ್ನು. ಅವುಗಳಲ್ಲಿ ಕಲಾಶಾಲೆಗೆ ಕೆಲವೇ ಪುಟಗಳಿರುತ್ತವೆ, ಆದರೆ ಸಿಬ್ಬಂದಿಯ ಬದಲಾವಣೆ, ಹಾಜರಾತಿ, ಪರೀಕ್ಷೆಗೆ ಕೂತವರು, ಖರ್ಚು, ಜಾಗ ಸಾಲದೆಂಬ ದೂರು ಇವೆಲ್ಲ ಅಲ್ಲಿ ಸಿಗುತ್ತವೆ. ವರದಿ ಬರೆದವರು ಮೇಲಧಿಕಾರಿಗೆ ಬರೆಯುತ್ತಿದ್ದರು ಎಂಬುದನ್ನು ಮರೆಯಬಾರದು. ಅವರು ಹೊಗಳಿದ್ದಕ್ಕಿಂತ ಅವರು ಹಣ ಕೇಳಿದ ಸಾಲುಗಳಲ್ಲಿ ಶಾಲೆಯ ನಿಜಸ್ಥಿತಿ ಹೆಚ್ಚು ಕಾಣುತ್ತದೆ.

ಕಾಲೇಜಿನ ಒಳಗಿನ ದಾಖಲೆಗಳಲ್ಲಿ ಎಲ್ಲರೂ ಮೊದಲು ಕೇಳುವುದು ದಾಖಲಾತಿ ಪುಸ್ತಕ ಮತ್ತು ಸೇವಾ ಪುಸ್ತಕಗಳನ್ನು. ಅವು ಬೇಕೇ ಬೇಕು. ಅಷ್ಟೇ ಬೆಲೆಬಾಳುವ, ಆದರೆ ಯಾರೂ ತೆರೆಯದ ಇನ್ನೊಂದು ಪುಸ್ತಕವಿದೆ: ಡೆಡ್ ಸ್ಟಾಕ್ ರಿಜಿಸ್ಟರ್. ಎಷ್ಟು ಈಸೆಲ್, ವಿದ್ಯಾರ್ಥಿಗಳು ಕುದುರೆಯೇರಿದಂತೆ ಕೂತು ಬರೆಯುವ ಎಷ್ಟು ಡಾಂಕಿ, ಯಾವ ಯಾವ ಪ್ಲಾಸ್ಟರ್ ಪ್ರತಿಮೆ, ಲಿಥೋ ಕಲ್ಲು, ಎಚಿಂಗ್ ಪ್ರೆಸ್, ಮಣ್ಣು ಸುಡುವ ಒಲೆ ಯಾವ ವರ್ಷ ಬಂದವು, ಯಾವ ವರ್ಷ ಮುರಿದವೆಂದು ತೆಗೆದುಹಾಕಿದರು ಎಂಬುದೆಲ್ಲ ಅದರಲ್ಲಿರುತ್ತದೆ. ಪಠ್ಯಕ್ರಮದಲ್ಲಿ ಗ್ರಾಫಿಕ್ಸ್, ಅಂದರೆ ಕಲ್ಲು ಅಥವಾ ತಗಡಿನಿಂದ ಚಿತ್ರ ಅಚ್ಚೊತ್ತುವ ಕಲೆ, ಎಂದು ಬರೆದಿದ್ದ ಮಾತ್ರಕ್ಕೆ ಅದನ್ನು ಕಲಿಸಿದರೆಂದು ಅರ್ಥವಲ್ಲ. ಪ್ರೆಸ್ ಬಂದ ತಾರೀಖನ್ನು ನೋಡಿದರೆ ನಿಜ ತಿಳಿಯುತ್ತದೆ. ನಾನು ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ ಕೊಠಡಿಗೆ ಸುಣ್ಣ ಬಳಿಸುವ ಗಡಿಬಿಡಿಯಲ್ಲಿ ಇಂಥ ಪುಸ್ತಕಗಳನ್ನು ಹಳೆಯ ಉತ್ತರ ಪತ್ರಿಕೆಗಳ ಜೊತೆ ರದ್ದಿಗೆ ಹಾಕಿದ್ದರು. ಸುಮಾರು ಇಪ್ಪತ್ತು ವರ್ಷಗಳ ಲೆಕ್ಕ ಒಂದು ಮಧ್ಯಾಹ್ನದಲ್ಲಿ ಹೋಯಿತು. ಆದ್ದರಿಂದ ಚರಿತ್ರೆ ಬರೆಯುವ ತೀರ್ಮಾನವಾದ ದಿನವೇ ಕಾಲೇಜಿನ ಮುಖ್ಯಸ್ಥರಿಗೆ ಪತ್ರ ಬರೆದು, ಕೆಲಸ ಮುಗಿಯುವವರೆಗೆ ಯಾವ ಹಳೆಯ ಪುಸ್ತಕವನ್ನೂ ವಿಲೇವಾರಿ ಮಾಡದಂತೆ ಲಿಖಿತ ಸೂಚನೆ ಹೊರಡಿಸಲು ಕೇಳಿಕೊಳ್ಳಿ.

ಸಿಕ್ಕಿದ ಹಾಳೆಗಳನ್ನು ಮೊಬೈಲಿನಲ್ಲೇ ಚಿತ್ರ ತೆಗೆಯಬಹುದು. ಕಿಟಕಿಯ ಪಕ್ಕದ ಬೆಳಕು ಸಾಕು, ಫ್ಲ್ಯಾಶ್ ಬೇಡ. ಹರಿದದ್ದಕ್ಕೆ ಸೆಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಷನ್ ಮಾಡಿಸಲೇಬೇಡಿ. ಫೋಟೋದ ಹಿಂದೆ ಬರೆಯುವುದಿದ್ದರೆ ಮೆದುವಾದ ಪೆನ್ಸಿಲಿನಲ್ಲಿ ಅಂಚಿಗೆ ಬರೆಯಿರಿ. ಬಾಲ್‌ಪೆನ್ನಿನ ಒತ್ತು ಮುಂದಿನ ಮುಖಕ್ಕೆ ಮೂಡುತ್ತದೆ.

ಈಗ ಅಧ್ಯಾಪಕರ ಪಟ್ಟಿಗೆ ಬರೋಣ. ನನ್ನ ಅನುಭವದಲ್ಲಿ ಇಡೀ ಕೆಲಸದ ಅರ್ಧ ಶ್ರಮ ಇದಕ್ಕೇ ಹೋಗುತ್ತದೆ, ಹೋಗಬೇಕು. ಒಬ್ಬೊಬ್ಬ ಅಧ್ಯಾಪಕರಿಗೆ ಒಂದೊಂದು ಕಾರ್ಡು ಮಾಡಿ, ಅದರಲ್ಲಿ ಹೆಸರು ಸಿಕ್ಕ ಎಲ್ಲ ರೂಪಗಳಲ್ಲೂ ಇರಲಿ. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಊರಿನ ಹೆಸರು, ಮತ್ತೊಂದು ಕಡೆ ಬರಿಯ ‘ಮಾಸ್ಟರ್’ ಎಂದಿರುವ ಒಬ್ಬರೇ ವ್ಯಕ್ತಿ ಮೂವರಾಗಿ ಪಟ್ಟಿಗೆ ಸೇರುವುದು ಸಾಮಾನ್ಯ. ಹುದ್ದೆಯ ಹೆಸರಿನ ಜೊತೆ ಅದು ಖಾಯಮೋ, ಹಂಗಾಮಿಯೋ, ತಾತ್ಕಾಲಿಕವೋ, ಅತಿಥಿ ಉಪನ್ಯಾಸವೋ ಎಂದು ಸ್ಪಷ್ಟಪಡಿಸಿ. ಎಲ್ಲಿ ಕಲಿತರು, ಯಾರ ಬಳಿ ಕಲಿತರು, ಇಲ್ಲಿ ಯಾವ ತರಗತಿಗೆ ಏನು ಕಲಿಸಿದರು, ಬಿಟ್ಟು ಎಲ್ಲಿಗೆ ಹೋದರು ಎಂಬ ನಾಲ್ಕು ಸಂಗತಿಗಳು ಪ್ರತಿ ಕಾರ್ಡಿನಲ್ಲೂ ಇರಬೇಕು, ಪ್ರತಿಯೊಂದರ ಎದುರು ಅದು ಯಾವ ಪುಸ್ತಕದ ಯಾವ ಪುಟದಿಂದ ಬಂತೆಂದೂ ಇರಬೇಕು.

ಈ ನಾಲ್ಕು ಸಂಗತಿ ಏಕೆ ಎಂಬುದಕ್ಕೆ ಜೆ.ಜೆ.ಯ ಎರಡು ಕಾರ್ಡುಗಳನ್ನು ತೋರಿಸುತ್ತೇನೆ. ಜಾನ್ ಲಾಕ್‌ವುಡ್ ಕಿಪ್ಲಿಂಗ್ 1865ರಲ್ಲಿ ಇಂಗ್ಲೆಂಡಿನಿಂದ ಬಂದು ಶಿಲ್ಪ ಕಲಿಸಿದರು, 1875ರಲ್ಲಿ ಲಾಹೋರಿನ ಮೇಯೊ ಕಲಾಶಾಲೆಗೆ ಮುಖ್ಯಸ್ಥರಾಗಿ ಹೋದರು. ಅವರು ಎಲ್ಲಿಗೆ ಹೋದರೆಂಬ ಸಾಲು ಇಲ್ಲದಿದ್ದರೆ ಮುಂಬಯಿಯ ಪಾಠಕ್ರಮಕ್ಕೂ ಲಾಹೋರಿನದಕ್ಕೂ ಇರುವ ನಂಟು ನಮಗೆ ತಿಳಿಯುವುದೇ ಇಲ್ಲ. ಎರಡನೆಯದು ನಮ್ಮವರದು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಜೆ.ಜೆ.ಯಲ್ಲಿ ಕಲಿತು 1938ರಲ್ಲಿ ಡಿಪ್ಲೊಮಾ ಪಡೆದರು, 1940ರಿಂದ 1945ರವರೆಗೆ ಅಲ್ಲೇ ಕಲಿಸಿದರು. ನಾವು ಹೆಬ್ಬಾರರನ್ನು ಕಲಾವಿದರೆಂದು ಕೊಂಡಾಡುತ್ತೇವೆ. ಅವರು ಐದು ವರ್ಷ ಮೇಷ್ಟ್ರಾಗಿದ್ದರೆಂಬುದು ಬಹುತೇಕ ಬರಹಗಳಲ್ಲಿ ಒಂದು ಅರ್ಧ ವಾಕ್ಯ. ಕಾಲೇಜಿನ ಚರಿತ್ರೆಕಾರನಿಗೆ ಆ ಅರ್ಧ ವಾಕ್ಯವೇ ಮುಖ್ಯ ವಿಷಯ. ವಿದ್ಯಾರ್ಥಿಯಾಗಿ ಬಂದು ಅಧ್ಯಾಪಕರಾದವರನ್ನು ಗುರುತಿಸುತ್ತ ಹೋದರೆ ಕಾರ್ಡುಗಳ ನಡುವೆ ಒಂದು ವಂಶವೃಕ್ಷ ತಾನಾಗಿಯೇ ಬೆಳೆಯುತ್ತದೆ.

ಇಂಥವರಲ್ಲಿ ಎಂ.ವಿ. ಧುರಂಧರ್ ಅವರ ಹೆಸರನ್ನು ಬಿಡುವಂತಿಲ್ಲ. 1890ರಲ್ಲಿ ವಿದ್ಯಾರ್ಥಿಯಾಗಿ ಸೇರಿ, 1896ರಿಂದ ಅಧ್ಯಾಪಕರಾಗಿ, 1931ರಲ್ಲಿ ಶಾಲೆಯಿಂದ ಹೊರಬಂದ ಅವರು ಆ 41 ವರ್ಷಗಳ ನೆನಪುಗಳನ್ನು ಮರಾಠಿಯಲ್ಲಿ ಬರೆದು 1940ರಲ್ಲಿ ಪ್ರಕಟಿಸಿದರು. ಆಡಳಿತದ ವರದಿಯಲ್ಲಿ ಬ್ರಿಟಿಷ್ ಪ್ರಾಂಶುಪಾಲರ ಹೆಸರುಗಳು ಮಾತ್ರ ಕಾಣುವ ಕಾಲದ ಶಾಲೆಯನ್ನು ಭಾರತೀಯ ಮೇಷ್ಟ್ರೊಬ್ಬರ ಕಣ್ಣಿನಿಂದ ನೋಡಲು ಸಾಧ್ಯವಾಗಿರುವುದು ಆ ಬರಹದಿಂದ. ನಿಮ್ಮ ಕಾಲೇಜಿನ ಅಧ್ಯಾಪಕರು ಪುಸ್ತಕ ಬರೆದಿರದೆ ಇರಬಹುದು. ಆದರೆ ದಿನಚರಿ, ಪಾಠದ ಟಿಪ್ಪಣಿ, ಪ್ರವಾಸದಲ್ಲಿ ಮನೆಗೆ ಬರೆದ ಪತ್ರ, ಸ್ಕೆಚ್ ಪುಸ್ತಕದ ಅಂಚಿನ ಬರಹ ಇವು ಅವರ ಮನೆಯ ಅಟ್ಟದ ಮೇಲಿರುತ್ತವೆ. ಮನೆಯವರನ್ನು ಕೇಳಿ ನೋಡಿ.

ಹೆಸರಿಲ್ಲದವರ ಹೆಸರುಗಳನ್ನು ಹುಡುಕುವುದು ಈ ಕೆಲಸದ ಅತ್ಯಂತ ಕಠಿಣ ಭಾಗ. ಜೆ.ಜೆ.ಯಲ್ಲಿ ಕಲಿಸುತ್ತಿದ್ದ ಜಾನ್ ಗ್ರಿಫಿತ್ಸ್ 1872ರಿಂದ 1885ರವರೆಗೆ ಅಜಂತದ ಭಿತ್ತಿಚಿತ್ರಗಳ ಪ್ರತಿ ಮಾಡಿಸಿದರು, ಆ ಪ್ರತಿಗಳಲ್ಲಿ ಅನೇಕವು ಲಂಡನ್ನಿನಲ್ಲಿ ಬೆಂಕಿಗೆ ಆಹುತಿಯಾದವು, ಉಳಿದ ಆಧಾರದಿಂದ 1896ರಲ್ಲಿ ದೊಡ್ಡ ಸಂಪುಟಗಳು ಹೊರಬರತೊಡಗಿದವು ಎಂಬುದು ಎಲ್ಲ ಕಡೆ ಸಿಗುತ್ತದೆ. ಗುಹೆಯ ಕತ್ತಲಲ್ಲಿ ಕೂತು ವರ್ಷಗಟ್ಟಲೆ ಬಣ್ಣ ಹಾಕಿದವರು ಜೆ.ಜೆ.ಯ ಭಾರತೀಯ ವಿದ್ಯಾರ್ಥಿಗಳು. ಅವರಲ್ಲಿ ಪೆಸ್ತೊಂಜಿ ಬೊಮಾಂಜಿಯವರ ಹೆಸರು ಪ್ರಸಿದ್ಧವಾಗಿದೆ, ಉಳಿದವರ ಹೆಸರುಗಳಿಗೆ ಅಂಥ ಭಾಗ್ಯ ಸಿಗಲಿಲ್ಲ. ಯಾವುದೇ ದೊಡ್ಡ ಕೆಲಸದ ಬಗ್ಗೆ ಬರೆಯುವಾಗ ‘ಇಂಥವರು ಮಾಡಿದರು’ ಎಂದು ಬರೆಯುವ ಮುನ್ನ ಅವರು ಮಾಡಿದರೋ, ಮಾಡಿಸಿದರೋ ಎಂದು ಒಮ್ಮೆ ಪರೀಕ್ಷಿಸಿಕೊಳ್ಳಿ. ಕನ್ನಡದಲ್ಲಿ ಈ ಎರಡು ಕ್ರಿಯಾಪದಗಳ ನಡುವೆ ಒಂದೇ ಒಂದು ಅಕ್ಷರದ ಅಂತರವಿದೆ, ಚರಿತ್ರೆಯಲ್ಲಿ ಅದರ ಅಂತರ ಬಹಳ ದೊಡ್ಡದು. ಇದೇ ರೀತಿ ದಿನಗೂಲಿ ವೋಚರುಗಳಲ್ಲಿ ಮಾಡೆಲ್ ಆಗಿ ಕೂತವರ, ಅಚ್ಚು ಎರೆಯುವವರ, ಪ್ರೆಸ್ ನಡೆಸುವವರ, ಅಟೆಂಡರುಗಳ ಹೆಸರು ಸಿಗುತ್ತದೆ. ಅನೇಕ ಕಾಲೇಜುಗಳಲ್ಲಿ ಪ್ಲಾಸ್ಟರ್ ಎರಕದ ಕೆಲಸವನ್ನು ಹುಡುಗರಿಗೆ ನಿಜವಾಗಿ ಕಲಿಸಿದವರು ಪಟ್ಟಿಯಲ್ಲಿ ಅಧ್ಯಾಪಕರೆಂದು ಇಲ್ಲದ ಇಂಥವರೇ. ಅವರಿಗೂ ಒಂದೊಂದು ಕಾರ್ಡು ಇರಲಿ. ಮಹಿಳೆಯರ ವಿಷಯದಲ್ಲೂ ಇದೇ ಎಚ್ಚರ ಬೇಕು: ಧುರಂಧರರ ಮಗಳು ಅಂಬಿಕಾ ಧುರಂಧರ್ ಜೆ.ಜೆ.ಯಲ್ಲೇ ಕಲಿತು ಡಿಪ್ಲೊಮಾ ಪಡೆದವರು, ಆದರೆ ಪರಿಚಯದಲ್ಲಿ ‘ಮಗಳು’ ಎಂಬ ಮಾತು ಮೊದಲು ಬಂದು ‘ಕಲಾವಿದೆ’ ಎಂಬುದು ಆಮೇಲೆ ಬರುವಂತೆ ನಾನೂ ಈಗ ಬರೆದಿದ್ದೇನೆ. ಆ ಅಭ್ಯಾಸವನ್ನು ತಿದ್ದಿಕೊಳ್ಳಬೇಕು.

ಚಿತ್ರಕಲಾ ಕಾಲೇಜಿಗೆ ಇರುವ ಒಂದು ಅನುಕೂಲವೆಂದರೆ ಅದರ ದಾಖಲೆಗಳು ಕಾಗದದಲ್ಲಿ ಮಾತ್ರ ಇರುವುದಿಲ್ಲ. ಮುಂಬಯಿಯ ಕ್ರಾಫರ್ಡ್ ಮಾರುಕಟ್ಟೆಯ ಬಾಗಿಲ ಮೇಲಿನ ಉಬ್ಬುಶಿಲ್ಪಗಳು ಕಿಪ್ಲಿಂಗ್ ಅವರ ರಚನೆ; ವಿಕ್ಟೋರಿಯಾ ಟರ್ಮಿನಸ್ ನಿಲ್ದಾಣದ ಅಲಂಕಾರದಲ್ಲಿ ಜೆ.ಜೆ. ವಿದ್ಯಾರ್ಥಿಗಳ ಕೈಯಿದೆ, ಜೆ.ಜೆ.ಯ ಮುಖ್ಯಸ್ಥರಾಗಿದ್ದ ಗ್ಲ್ಯಾಡ್‌ಸ್ಟನ್ ಸಾಲೊಮನ್ ಅವರ ಕಾಲದ ಭಿತ್ತಿಚಿತ್ರ ತರಗತಿಯ ಫಲ ದೆಹಲಿಯ ಸಚಿವಾಲಯದ ಗೋಡೆಗಳಲ್ಲಿದೆ. ನಿಮ್ಮ ಊರಿನಲ್ಲೂ ಬಸ್ ನಿಲ್ದಾಣದ ಉಬ್ಬುಶಿಲ್ಪ, ಬ್ಯಾಂಕಿನ ಮೊಸಾಯಿಕ್, ಕಲ್ಯಾಣ ಮಂಟಪದ ಭಿತ್ತಿ ಕಾಲೇಜಿನವರ ಕೈಯಿಂದ ಬಂದಿರಬಹುದು. ಪೇಟೆಯನ್ನು ಒಂದು ಸುತ್ತು ಹಾಕಿ ಬನ್ನಿ. ಹಳೆಯ ವಿದ್ಯಾರ್ಥಿಗಳ ಮನೆಯಲ್ಲಿ ಉಳಿದ ಅಭ್ಯಾಸದ ಹಾಳೆಗಳನ್ನು ನೋಡುವಾಗ ಚಿತ್ರದ ಅಂದಚಂದವನ್ನು ಸ್ವಲ್ಪ ಬದಿಗಿಟ್ಟು ಮೂಲೆಗಳನ್ನು ನೋಡಿ. ತಾರೀಖು, ಅಂಕ, ಮೇಷ್ಟ್ರ ರುಜು, ಅವರು ತಿದ್ದಿದ ಒಂದು ಗೆರೆ ಅಲ್ಲಿರುತ್ತದೆ. ಮೊದಲ ವರ್ಷದ ಐದಾರು ಬ್ಯಾಚುಗಳ ಸ್ಟಿಲ್ ಲೈಫ್ ಹಾಳೆಗಳನ್ನು ಸಾಲಾಗಿ ಹರಡಿದರೆ, ಯಾವ ವರ್ಷ ಶೇಡಿಂಗ್ ಬಿಟ್ಟು ರೇಖೆಗೆ ಒತ್ತು ಬಂತು, ಆ ವರ್ಷ ಯಾವ ಮೇಷ್ಟ್ರು ಬಂದರು ಎಂಬುದು ಕಣ್ಣೆದುರಿಗೆ ಬರುತ್ತದೆ. ಯಾವ ವರದಿಯೂ ಇಷ್ಟು ನೇರವಾಗಿ ಮಾತಾಡುವುದಿಲ್ಲ.

ಕಲಿಕೆಯ ಕ್ರಮದ ಬಗ್ಗೆ ನಡೆದ ಜಗಳಗಳನ್ನು ಬರೆಯಲು ಹಿಂಜರಿಯಬಾರದು. ಕಲ್ಕತ್ತೆಯ ಕಲಾಶಾಲೆಯಲ್ಲಿ ಅದರ ಮುಖ್ಯಸ್ಥರಾಗಿದ್ದ ಇ.ಬಿ. ಹ್ಯಾವೆಲ್ ಯುರೋಪಿನ ಚಿತ್ರಗಳ ಪ್ರತಿಗಳನ್ನು ತೆಗೆಸಿ ಭಾರತೀಯ ಮಾದರಿಗಳನ್ನು ತಂದಾಗ ವಿದ್ಯಾರ್ಥಿಗಳೇ ಪ್ರತಿಭಟಿಸಿದರು. ಅವರಿಗೆ ಅದು ಬ್ರಿಟಿಷರು ತಮಗೆ ಪೂರ್ಣ ವಿದ್ಯೆ ಕೊಡದಿರುವ ಉಪಾಯದಂತೆ ಕಂಡಿತು. ಮುಂಬಯಿಯಲ್ಲಿ ಸಾಲೊಮನ್ 1919ರಲ್ಲಿ ಬಂದ ನಂತರ ಮಾಡೆಲ್ ಇಟ್ಟು ಬರೆಯುವ ತರಗತಿಗೆ ಬಲ ಬಂತು. ಈ ಎರಡು ದಾರಿಗಳೂ ಕರ್ನಾಟಕಕ್ಕೆ ತಲುಪಿವೆ: ಮೈಸೂರು ಸಂಸ್ಥಾನದ ಕೆ. ವೆಂಕಟಪ್ಪನವರು ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು, ಹೆಬ್ಬಾರರು ಮುಂಬಯಿಯ ದಾರಿ ಹಿಡಿದರು. ಒಂದು ಪಕ್ಷವನ್ನು ದೇಶಭಕ್ತರೆಂದೂ ಇನ್ನೊಂದನ್ನು ಅನುಕರಣೆಯವರೆಂದೂ ಚಿತ್ರಿಸುವುದು ಸುಲಭ, ಆದರೆ ಅದು ನ್ಯಾಯವಲ್ಲ. ಎರಡೂ ಕಡೆಯವರು ತರಗತಿಯಲ್ಲಿ ಏನು ಮಾಡಿಸಿದರೆಂದು ಮೊದಲು ವಿವರಿಸಿ, ತೀರ್ಪು ಆಮೇಲೆ ಇರಲಿ. ಕಾಲೇಜು ಮುಜುಗರಪಡುವ ಸಂಗತಿಗಳಿಗೂ ಇದೇ ನಿಯಮ. 1945ರಲ್ಲಿ ಜೆ.ಜೆ.ಯಿಂದ ಹೊರಹಾಕಲ್ಪಟ್ಟ ಚಿತ್ರಕಾರ ಎಫ್.ಎನ್. ಸೋಜಾ ಎರಡೇ ವರ್ಷದಲ್ಲಿ ಪ್ರೊಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಎಂಬ ಆಧುನಿಕ ಕಲಾವಿದರ ಬಳಗವನ್ನು ಕಟ್ಟಿದವರಲ್ಲಿ ಪ್ರಮುಖರಾದರು. ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಅಂಥವರ ಹೆಸರನ್ನು ಹಾಕುವ ಕಾಲೇಜು ಹೊರಹಾಕಿದ ಸಂಗತಿಯನ್ನೂ ಅದೇ ಪುಟದಲ್ಲಿ ಹಾಕಬೇಕು.

ನಿವೃತ್ತ ಅಧ್ಯಾಪಕರ ಸಂದರ್ಶನವನ್ನು ನಾನು ಕೊನೆಗೆ ಹೇಳುತ್ತಿದ್ದರೂ, ಮಾಡುವಾಗ ಅದನ್ನೇ ಮೊದಲು ಮಾಡಿ. ಕಾಗದ ಕಾಯುತ್ತದೆ, ಎಂಬತ್ತು ದಾಟಿದವರ ನೆನಪು ಕಾಯುವುದಿಲ್ಲ. ಪ್ರಶ್ನಾವಳಿ ಹಿಡಿದು ಹೋದರೆ ಅವರು ಭಾಷಣ ಮಾಡುತ್ತಾರೆ. ಅದರ ಬದಲು ಹಳೆಯ ಗುಂಪು ಫೋಟೋವೊಂದನ್ನು ದೊಡ್ಡದಾಗಿ ಮುದ್ರಿಸಿ ಒಯ್ಯಿರಿ, ಮೇಲೆ ಟ್ರೇಸಿಂಗ್ ಕಾಗದ ಹಾಸಿ ‘ಕೂತವರು, ಎಡದಿಂದ ಬಲಕ್ಕೆ’ ಎಂದು ಒಬ್ಬೊಬ್ಬರ ಹೆಸರನ್ನು ಅವರ ಕೈಯಲ್ಲೇ ಬರೆಸಿ. ಹೆಸರಿನ ಹಿಂದೆಯೇ ಕಥೆ ಬರುತ್ತದೆ. ಆಮೇಲೆ ಕೇಳಬೇಕಾದದ್ದು ಚಿಕ್ಕ ಪ್ರಶ್ನೆಗಳನ್ನು: “ಸರ್, ಮೊದಲ ವರ್ಷದ ಮಕ್ಕಳಿಗೆ ಮೊದಲ ದಿನ ಏನು ಬರೆಸುತ್ತಿದ್ದಿರಿ?”, “ಮೇಡಂ, ಬಣ್ಣ ಎಲ್ಲಿಂದ ತರಿಸುತ್ತಿದ್ದಿರಿ, ಸಿಗದಿದ್ದಾಗ ಏನು ಮಾಡುತ್ತಿದ್ದಿರಿ?”, “ನಿಮ್ಮ ಮೇಷ್ಟ್ರು ತಿದ್ದುವಾಗ ಹಾಳೆಯ ಮೇಲೆ ತಿದ್ದುತ್ತಿದ್ದರೋ, ಪಕ್ಕದಲ್ಲಿ ಬರೆದು ತೋರಿಸುತ್ತಿದ್ದರೋ?” ಈ ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಒಬ್ಬ ಅಧ್ಯಾಪಕರ ಇಡೀ ಸ್ವಭಾವ ಕಾಣಿಸುತ್ತದೆ. ಧ್ವನಿ ದಾಖಲಿಸಿಕೊಳ್ಳಲು ಮೊದಲೇ ಅನುಮತಿ ಪಡೆಯಿರಿ. ಬರೆದದ್ದನ್ನು ಅಚ್ಚಿಗೆ ಮುನ್ನ ಅವರಿಗೆ ಓದಿ ಹೇಳಿ. ಸಹೋದ್ಯೋಗಿಗಳ ಖಾಸಗಿ ಬದುಕಿನ ಬಗ್ಗೆ ಅವರು ಆಡಿದ ಮಾತನ್ನು, ಅವರೇ ಒಪ್ಪಿದರೂ, ಪ್ರಕಟಿಸಬೇಡಿ. ನೆನಪಿನ ತಾರೀಖನ್ನು ಹಾಜರಿ ಪುಸ್ತಕದ ಜೊತೆ ಹೋಲಿಸಿ ನೋಡಲೇಬೇಕು. ಎರಡೂ ಹೊಂದದಿದ್ದರೆ ತಾರೀಖಿನಲ್ಲಿ ಪುಸ್ತಕವನ್ನು ನಂಬಿ, ಘಟನೆಯ ಅರ್ಥದಲ್ಲಿ ನೆನಪಿಗೆ ಕಿವಿಗೊಡಿ.

ಬರೆಯಲು ಕೂತಾಗ ಅಧ್ಯಾಯಗಳನ್ನು ಪ್ರಾಂಶುಪಾಲರ ಅವಧಿಗೆ ತಕ್ಕಂತೆ ಕತ್ತರಿಸಬೇಡಿ. ಪಾಠಕ್ರಮ ಬದಲಾದ ಕಡೆ, ಹೊಸ ವಿಭಾಗ ತೆರೆದ ಕಡೆ, ಒಂದು ತಲೆಮಾರಿನ ಅಧ್ಯಾಪಕರು ಒಟ್ಟಿಗೆ ನಿವೃತ್ತರಾದ ಕಡೆ ಅಧ್ಯಾಯ ಮುಗಿಯಲಿ. ಪ್ರಾಂಶುಪಾಲರ ಪಟ್ಟಿಗೆ ಅನುಬಂಧದಲ್ಲಿ ಒಂದು ಪುಟ ಸಾಕು. ಅಧ್ಯಾಪಕರ ಪಟ್ಟಿಯನ್ನು ಮಾತ್ರ ಪೂರ್ತಿಯಾಗಿ, ಆಧಾರದ ಕಾಲಮ್ಮಿನ ಸಹಿತ ಮುದ್ರಿಸಿ. ಇಸವಿ ಸಿಗದ ಕಡೆ ಊಹೆ ತುಂಬದೆ ಖಾಲಿ ಬಿಡಿ, ಮುಂದೆ ದಾಖಲೆ ಸಿಕ್ಕವರು ಅಲ್ಲಿ ಬರೆದುಕೊಳ್ಳುತ್ತಾರೆ. ಕಾರ್ಡುಗಳು, ಫೋಟೋಗಳು, ಧ್ವನಿ ದಾಖಲೆಗಳ ಒಂದು ಪೂರ್ಣ ಪ್ರತಿಯನ್ನು ಕಾಲೇಜಿನ ಗ್ರಂಥಾಲಯಕ್ಕೂ, ಇನ್ನೊಂದನ್ನು ಕಾಲೇಜಿನ ಹೊರಗಿನ ಯಾವುದಾದರೂ ಪತ್ರಾಗಾರಕ್ಕೂ ಕೊಟ್ಟು ಸ್ವೀಕೃತಿ ಪತ್ರ ಪಡೆಯಿರಿ, ಪುಸ್ತಕದ ಒಂದೊಂದು ಪ್ರತಿಯನ್ನು ಮಾತಾಡಿಸಿದ ಪ್ರತಿ ಮನೆಗೂ ನೀವೇ ಹೋಗಿ ತಲುಪಿಸಿ.